ಕಳೆದುಹೋದ ಕಪ್ಪೆಗಳು, ಅಲೆದಾಡಿದ ಪಳೆಯುಳಿಕೆಗಳು

ನಮ್ಮ ಸಂಘದ ಮನೆಗಳಲ್ಲಿ ಈಗ ಡಾಕ್ಟರೇಟಿಗೆ ಓದುವ ಮಕ್ಕಳು ಒಬ್ಬಿಬ್ಬರಲ್ಲ. ಕೆಲವರು ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿದ್ದಾರೆ, ಕೆಲವರು ತಿರುವನಂತಪುರದಲ್ಲಿ, ಮತ್ತೆ ಕೆಲವರು ಬೆಂಗಳೂರು ಮೈಸೂರುಗಳಲ್ಲಿ. ತಂದೆತಾಯಂದಿರು ಒಂದೆಡೆ ಸೇರಿದರೆ ಊರಿನ ಮಳೆ ಬೆಳೆಯ ಮಾತಿನಷ್ಟೇ ಸಹಜವಾಗಿ ಒಂದು ಪ್ರಶ್ನೆ ಕೇಳಿಬರುತ್ತದೆ: "ಪೇಪರ್ ಬಂತೇ?" ಪೇಪರ್ ಎಂದರೆ ಇಲ್ಲಿ ಬೆಳಗಿನ ಪತ್ರಿಕೆಯಲ್ಲ, ಸಂಶೋಧನ ಪತ್ರಿಕೆಯಲ್ಲಿ ಅಚ್ಚಾಗುವ ಲೇಖನ. ಪರಿಚಿತರ ಮಗಳೊಬ್ಬಳು ಒಮ್ಮೆ ಒಂದು ಕಾಗದ ತಂದು ತೋರಿಸಿದಳು. ಲೇಖನ ಕಳಿಸಿ ನಾಲ್ಕನೆಯ ದಿನಕ್ಕೆ ಸ್ವೀಕಾರವಾಗಿತ್ತು. ಒಂದು ಅಕ್ಷರದ ತಿದ್ದುಪಡಿಯೂ ಇಲ್ಲ. ಕೆಳಗೆ ಹಣ ಕಟ್ಟುವ ವಿವರ ಮಾತ್ರ ಬಹಳ ವಿಶದವಾಗಿತ್ತು. "ಕಟ್ಟಲೇ ಮಾಮಾ?" ಎಂದಳು. ಬೇಡಮ್ಮ ಎಂದೆ. ಏಕೆ ಎಂದಳು. ಆ 'ಏಕೆ'ಗೆ ಎರಡು ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಅದಕ್ಕೊಂದು ಇತಿಹಾಸವೇ ಇದೆ. ಅದರ ಹಲವು ಪುಟಗಳು ನಮ್ಮ ಬೆಂಗಳೂರಿನಲ್ಲೂ ನಾವೀಗ ಬಾಳುತ್ತಿರುವ ಈ ಮಲೆಯಾಳ ನಾಡಿನಲ್ಲೂ ಬರೆಯಲ್ಪಟ್ಟಿವೆ. ವಾಚಕರ ಮುಂದೆ ಅದನ್ನೇ ಇಡಲು ಹೊರಟಿದ್ದೇನೆ.

ಸಂಶೋಧನ ಪತ್ರಿಕೆ ಎಂಬ ವಸ್ತು ಹುಟ್ಟಿದ್ದು 1665ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಎಂಬಾತನಿಂದ. ಅದೇ ವರುಷ ಪ್ಯಾರಿಸಿನಲ್ಲೂ ಒಂದು ಹೊರಟಿತು. ಅದಕ್ಕೆ ಮುಂಚೆ ಪಂಡಿತರು ತಾವು ಕಂಡದ್ದನ್ನು ಖಾಸಗಿ ಪತ್ರಗಳಲ್ಲಿ ಬರೆದುಕೊಳ್ಳುತ್ತಿದ್ದರು; ಕೆಲವರಂತೂ ಬೇರೆಯವರು ಕದ್ದಾರೆಂದು ಒಗಟಿನ ರೂಪದಲ್ಲಿ ಬಚ್ಚಿಡುತ್ತಿದ್ದರು. ಪತ್ರಿಕೆ ಬಂದ ಮೇಲೆ ತಾರೀಖು ಸಹಿತ ಅಚ್ಚಾಯಿತು, ಮೊದಲು ಕಂಡವನಾರು ಎಂಬ ಜಗಳಕ್ಕೆ ಸಾಕ್ಷಿಯಾಯಿತು. ಇಂದು ನಾವು ದೊಡ್ಡ ನಿಯಮವೆಂದು ತಿಳಿದಿರುವ ಪರಿಶೀಲನೆ, ಎಂದರೆ ಸಂಪಾದಕರು ಲೇಖನವನ್ನು ಆ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸಿ ಅಭಿಪ್ರಾಯ ಕೇಳುವುದು, ಅಷ್ಟು ಪುರಾತನವಾದದ್ದಲ್ಲ. ಲಂಡನ್ನಿನ 'ನೇಚರ್' ಪತ್ರಿಕೆ ಅದನ್ನು ಎಲ್ಲ ಲೇಖನಗಳಿಗೂ ಕಡ್ಡಾಯ ಮಾಡಿದ್ದು 1973ರಲ್ಲಿ. ಪರಿಶೀಲಿಸುವವರಿಗೆ ಸಂಬಳವಿಲ್ಲ, ಸಾಮಾನ್ಯವಾಗಿ ಅವರ ಹೆಸರೂ ಹೊರಗೆ ಬರುವುದಿಲ್ಲ. ನಮ್ಮೂರಿನ ದೇವಸ್ಥಾನದ ಲೆಕ್ಕ ನೋಡುವ ಹಿರಿಯರಂತೆ ಅದೊಂದು ಬಿಟ್ಟಿ ಕೆಲಸ, ಆದರೆ ಅದಿಲ್ಲದೆ ಹುಂಡಿಯ ಮೇಲೆ ನಂಬಿಕೆ ನಿಲ್ಲದು.

ಇನ್ನು ಬೆಂಗಳೂರಿಗೆ ಬರೋಣ.

1932ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಎಂಬ ಪತ್ರಿಕೆ ಹೊರಟಿತು. ಸರ್ ಸಿ. ವಿ. ರಾಮನ್ ಇನ್ನೂ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದಿರಲಿಲ್ಲ. ಅವರು ಬಂದದ್ದು ಮರುವರ್ಷ. ಪತ್ರಿಕೆಯ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು. ರಾಯರ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಅವರು ಪತ್ರಿಕೆ ನಡೆಸಿದ್ದಷ್ಟೇ ಅಲ್ಲ, ಕಪ್ಪೆಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರು. ಕೊಡಗು, ಕೆಂಪುಹೊಳೆ ಮುಂತಾದ ಮಲೆನಾಡಿನ ಕಾಡುಗಳ ಹಳ್ಳಕೊಳ್ಳಗಳಿಂದ ಬಂದ ಕಪ್ಪೆಗಳನ್ನು ಅಳೆದು, ಬಣ್ಣ ನೋಡಿ, ಬೆರಳು ಎಣಿಸಿ, ಹಿಂದೆ ಯಾರೂ ವರ್ಣಿಸದ ಜಾತಿಗಳೆಂದು ಪ್ರಕಟಿಸಿದರು. 1920ರಲ್ಲಿ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ, 1937ರಲ್ಲಿ ರಾಮನ್ನರ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತೊಂದು ದೀರ್ಘ ಲೇಖನ.

ಇಂಥ ಲೇಖನಕ್ಕೆ ಒಂದು ಧರ್ಮವಿದೆ. ಹೊಸ ಪ್ರಾಣಿ ಕಂಡೆ ಎಂದು ಬರೆದವನು ತಾನು ಬರೆಯುವಾಗ ಎದುರಿಗಿದ್ದ ಆ ಮಾದರಿಯನ್ನು ಒಂದು ಸಂಗ್ರಹಾಲಯದಲ್ಲಿ ಇಡಬೇಕು. ನಾಳೆ ಮತ್ತೊಬ್ಬನಿಗೆ ಸಂಶಯ ಬಂದರೆ ಅವನು ಹೋಗಿ ಸೀಸೆಯ ಮುಚ್ಚಳ ತೆಗೆದು ತಾನೇ ನೋಡಬೇಕು. ನಾರಾಯಣರಾಯರು ತಮ್ಮ ಮಾದರಿಗಳನ್ನು ಕಾಲೇಜಿನಲ್ಲೇ ಇಟ್ಟಿದ್ದರು. ಅವರ ಕಾಲದ ಮೇಲೆ ಅವು ಕಾಣೆಯಾದವು. ಅಚ್ಚಾದ ಪುಟ ಉಳಿಯಿತು, ಪುಟ ಯಾವುದರ ಬಗ್ಗೆ ಮಾತಾಡುತ್ತಿತ್ತೋ ಆ ವಸ್ತು ಉಳಿಯಲಿಲ್ಲ. ಇದರಿಂದ ಆದ ತೊಂದರೆ ಸಾಮಾನ್ಯವಲ್ಲ. ರಾಯರು ಕಂಡದ್ದು ನಿಜಕ್ಕೂ ಬೇರೆ ಜಾತಿಯೋ, ಅಥವಾ ಹಿಂದೆಯೇ ಗೊತ್ತಿದ್ದ ಕಪ್ಪೆಯ ಮರಿಯೋ ಎಂದು ತೀರ್ಮಾನಿಸಲು ಮುಂದಿನವರಿಗೆ ದಾರಿಯಿರಲಿಲ್ಲ. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ. ಆದರೆ ವಿಜ್ಞಾನದಲ್ಲಿ ಸಜ್ಜನನ ಮಾತಿಗೂ ಸಾಕ್ಷಿ ಬೇಕು. ಕಾಲೇಜಿಗೊಂದು ಕಪಾಟು ಕಾಯುವುದು ಅಷ್ಟು ಕಷ್ಟವಾಗಿತ್ತೇ ಎಂದು ಈಗಲೂ ಕೇಳಬೇಕೆನಿಸುತ್ತದೆ.

ಆ ಕಪ್ಪೆಗಳನ್ನು ಮತ್ತೆ ಹುಡುಕಲು ಹೊರಟವರು ಕೇರಳದವರು. ತಿರುವನಂತಪುರದ ಹತ್ತಿರ ಪಾಲೋಡಿನಲ್ಲಿರುವ ಸಸ್ಯೋದ್ಯಾನ ಸಂಶೋಧನ ಸಂಸ್ಥೆಯಲ್ಲಿ ಸಸ್ಯಶಾಸ್ತ್ರಜ್ಞರಾಗಿದ್ದ ಎಸ್. ಡಿ. ಬಿಜು ಗಿಡಮರ ಬಿಟ್ಟು ಕಪ್ಪೆಗಳ ಹಿಂದೆ ಬಿದ್ದರು. ಮುಂದೆ ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದರು. ಹಳೆಯ ಲೇಖನಗಳಲ್ಲಿ ಹೆಸರಿಸಿದ ಕಾಡುಗಳಿಗೇ ಮಳೆಗಾಲದ ರಾತ್ರಿಗಳಲ್ಲಿ ಹೋಗಿ, ಕೂಗು ಕೇಳಿ, ಹಿಡಿದು, ರಾಯರ ವರ್ಣನೆಯ ಪಕ್ಕದಲ್ಲಿಟ್ಟು ನೋಡುವ ಕೆಲಸ. ರಾಯರು 1920ರಲ್ಲಿ ವರ್ಣಿಸಿದ್ದ ಕೊಡಗಿನ ಇರುಳುಗಪ್ಪೆ 2011ರಲ್ಲಿ, ಎಂದರೆ 91 ವರ್ಷಗಳ ಮೇಲೆ, ಮತ್ತೆ ಸಿಕ್ಕಿತೆಂದು ಬಿಜು ಮತ್ತು ಸಂಗಡಿಗರು ಪ್ರಕಟಿಸಿದರು. ಅದಕ್ಕೂ ಒಂದು ವರ್ಷ ಮೊದಲು, ಇರವಿಕುಳದ ಆನೆಮುಡಿ ಶಿಖರದ ಮೇಲಿನ ಹುಲ್ಲಿನಲ್ಲಿ ವಾಸಿಸುವ ಕೆಂಪು ಬಣ್ಣದ ಪುಟ್ಟ ಕಪ್ಪೆಯೊಂದನ್ನು ವರ್ಣಿಸುವಾಗ ಅವರು ಅದನ್ನೂ ಅದರ ಬಂಧುಗಳನ್ನೂ ಸೇರಿಸಿ ಹೊಸ ಕುಲವೊಂದನ್ನು ಕಟ್ಟಿದರು. ಕುಲದ ಹೆಸರು 'ರಾವೋರ್ಕೆಸ್ಟಿಸ್'. ಮೊದಲಕ್ಷರಗಳಲ್ಲಿರುವುದು ನಮ್ಮ ನಾರಾಯಣರಾಯರೇ. ಆ ಲೇಖನ ಅಚ್ಚಾದದ್ದು ಎಲ್ಲಿ ಗೊತ್ತೇ? ರಾಯರೇ ಮೊದಲ ಸಂಪಾದಕರಾಗಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ.

ಸಾಕ್ಷಿಯ ಮಾತಾಯಿತು, ಇನ್ನು ಟೀಕೆಯ ಮಾತು. ಇದಕ್ಕೆ ಉದಾಹರಣೆ ನಮ್ಮ ಎರ್ನಾಕುಲದಲ್ಲೇ ಹುಟ್ಟಿದವರು: ಜಿ. ಎನ್. ರಾಮಚಂದ್ರನ್. 1922ರಲ್ಲಿ ಜನನ. ತಂದೆ ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಲೆಂದು ಬೆಂಗಳೂರಿಗೆ ಹೋದ ಹುಡುಗನನ್ನು ರಾಮನ್ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರು. 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಮದರಾಸು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆಗಳಿಗೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಅಣು ಹೇಗಿದೆ ಎಂಬುದು ಆಗ ಯಾರಿಗೂ ಬಗೆಹರಿಯದ ಸಮಸ್ಯೆ. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಇಬ್ಬರೂ ಅದು ಮೂರೆಳೆಯ ಹುರಿಯೆಂದು 1954 ಮತ್ತು 1955ರಲ್ಲಿ 'ನೇಚರ್'ನಲ್ಲಿ ಬರೆದರು. ಹೆಣ್ಣುಮಕ್ಕಳ ಜಡೆಯಂತೆ ಎಂದರೆ ಸ್ಥೂಲವಾಗಿ ಸರಿ.

ಅದೇ 1955ರ ಕೊನೆಯಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದೇ ಪತ್ರಿಕೆಯಲ್ಲಿ ತಮ್ಮ ಮಾದರಿ ಪ್ರಕಟಿಸಿದರು. ಮದರಾಸಿನವರ ಹೆಸರು ಹೇಳಿಯೇ ಬರೆದರು, ಮುಚ್ಚಿಡಲಿಲ್ಲ. ಮೂರೆಳೆ ಸರಿ, ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂಬುದು ಅವರ ಆಕ್ಷೇಪ. ಕ್ರಿಕ್ ಆಗಲೇ ಜಗತ್ಪ್ರಸಿದ್ಧರು. ಇತ್ತ ಮದರಾಸು ದೂರದ ಊರು. ಬಹಳ ಪಠ್ಯಪುಸ್ತಕಗಳಲ್ಲಿ ಕೀರ್ತಿ ಎತ್ತ ವಾಲಿತೆಂದು ಬೇರೆ ಹೇಳಬೇಕಾಗಿಲ್ಲ. ಇದು ಅನ್ಯಾಯವೆಂದು ನಮ್ಮವರು ಅನೇಕರು ಬರೆದಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ರಾಮಚಂದ್ರನ್ ಮಾಡಿದ್ದೇನು? ಪರಮಾಣುಗಳು ಎಷ್ಟು ಹತ್ತಿರ ಬರಬಹುದೆಂದು ಯಾರು ನಿಶ್ಚಯಿಸಿದರು ಎಂಬ ಪ್ರಶ್ನೆ ಹಿಡಿದು ಕುಳಿತರು. ಅದುವರೆಗೆ ಪ್ರಕಟವಾಗಿದ್ದ ಹರಳುಗಳ ಅಳತೆಗಳನ್ನು ಒಂದೊಂದಾಗಿ ಜಾಲಾಡಿದರು. ಆ ಶೋಧದ ಫಲವಾಗಿ 1963ರಲ್ಲಿ ಶಶಿಶೇಖರನ್, ರಾಮಕೃಷ್ಣನ್ ಅವರೊಡನೆ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನಿನ ಸರಪಣಿ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂದು ತೋರಿಸುವ ಆ 'ರಾಮಚಂದ್ರನ್ ನಕ್ಷೆ'ಯನ್ನು ಇಂದಿಗೂ ಲೋಕದ ಎಲ್ಲ ಕಡೆಯ ಜೀವರಸಾಯನ ವಿದ್ಯಾರ್ಥಿಗಳು ಕಲಿಯುತ್ತಾರೆ. ಆಕ್ಷೇಪ ಬಚ್ಚಿಟ್ಟ ಕೋಣೆಯಲ್ಲಿ ಪಿಸುಗುಟ್ಟಿದ್ದಾಗಿದ್ದರೆ ಆ ನಕ್ಷೆ ಹುಟ್ಟುತ್ತಿತ್ತೇ? ಹೆಸರು ಹಾಕಿ ಅಚ್ಚಿನಲ್ಲಿ ಹೇಳಿದ್ದರಿಂದ ಅಚ್ಚಿನಲ್ಲೇ ಉತ್ತರ ಸಿಕ್ಕಿತು. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಇದುವರೆಗೆ ಹೇಳಿದ್ದು ಸಜ್ಜನರ ಕಥೆ. ಸಾಕ್ಷಿಯೂ ಇಲ್ಲದೆ, ಟೀಕೆಗೂ ಅವಕಾಶ ಕೊಡದೆ ಇಪ್ಪತ್ತೈದು ವರ್ಷ ನಡೆದ ಒಂದು ವ್ಯವಹಾರವನ್ನು ಈಗ ನೋಡಬೇಕು.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ವಿ. ಜೆ. ಗುಪ್ತ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಮುನ್ನೂರಕ್ಕೂ ಹೆಚ್ಚು ಲೇಖನ ಬರೆದಿದ್ದರು. ಹಿಮಾಲಯದ ಪದರಗಳ ವಯಸ್ಸು ತಿಳಿಯಬೇಕಾದವರು ಅವರ ಲೇಖನಗಳನ್ನು ದಾಟಿ ಹೋಗುವಂತಿರಲಿಲ್ಲ. ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಎಂಬುವರಿಗೆ ಮಾತ್ರ ಅವುಗಳಲ್ಲಿ ಏನೋ ತಾಳೆಯಾಗಲಿಲ್ಲ. ಕೋನೊಡಾಂಟ್ ಎಂಬ ಹಲ್ಲಿನಾಕಾರದ ಅತಿ ಸಣ್ಣ ಪಳೆಯುಳಿಕೆಗಳು ಹಿಮಾಲಯದಲ್ಲಿ ಸಿಕ್ಕಿದವೆಂದು ಗುಪ್ತ ಬರೆದಿದ್ದರು. ನೋಡಿದರೆ ಅವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಎಂಬ ಹಳ್ಳದಲ್ಲಿ ಸಿಗುವಂಥವು. ಸುರುಳಿ ಚಿಪ್ಪಿನ ಅಮೊನಾಯ್ಡುಗಳು ಮೊರಾಕ್ಕೋದ ಎರ್ಫೂದ್‌ನವು. ಅಂಥವನ್ನು ಅಂಗಡಿಗಳಲ್ಲಿ ಪ್ರವಾಸಿಗಳಿಗೆ ಮಾರುತ್ತಾರೆ. ಸಿಕ್ಕ ಜಾಗದ ವಿವರಗಳೋ, ಮತ್ತೊಬ್ಬ ಹೋಗಿ ಹುಡುಕಲಾರದಷ್ಟು ಮಸುಕು. ಟ್ಯಾಲೆಂಟ್ 1987ರಲ್ಲಿ ಕೆನಡಾದ ಕ್ಯಾಲ್ಗರಿಯ ಸಮ್ಮೇಳನದಲ್ಲಿ ಗುಪ್ತರ ಎದುರಿಗೇ ಇದನ್ನು ಎತ್ತಿದರು. 1989ರ ಏಪ್ರಿಲಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಾಗ ಅವಕ್ಕೆ ಅಲೆಮಾರಿ ಪಳೆಯುಳಿಕೆಗಳೆಂದೇ ಹೆಸರಿಟ್ಟರು. ಗುಪ್ತ ಆರೋಪವನ್ನು ನಿರಾಕರಿಸಿದರು.

ಇಲ್ಲಿಯೂ ಬೆಂಗಳೂರು ಬರುತ್ತದೆ. 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ಬಿ. ಪಿ. ರಾಧಾಕೃಷ್ಣ ಬೆಳೆಸಿದರು. ಮೈಸೂರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು, ಕನ್ನಡದಲ್ಲಿ ಡಾರ್ವಿನ್ನನ ಬಗ್ಗೆ ಪುಸ್ತಕ ಬರೆದವರು. ದೇಶದ ಮಾನದ ಪ್ರಶ್ನೆ, ಹೊರಗಿನವರು ನಮ್ಮವರೊಬ್ಬರನ್ನು ದೂರುತ್ತಿದ್ದಾರೆ ಎಂದು ವಿಷಯವನ್ನು ಮುಚ್ಚಿಹಾಕುವುದು ಆಗ ಸುಲಭವಾಗಿತ್ತು; ಹಾಗೆ ಬಯಸುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. 1990ರಲ್ಲಿ ಈ ಬೆಂಗಳೂರಿನ ಪತ್ರಿಕೆ ಟ್ಯಾಲೆಂಟ್ ಮತ್ತು ಸಂಗಡಿಗರ ದೀರ್ಘ ಲೇಖನವನ್ನೇ ಅಚ್ಚು ಹಾಕಿತು. ಹಿಮಾಲಯದ ಪಳೆಯುಳಿಕೆಗಳ ಜ್ಞಾನಭಂಡಾರ ಮಲಿನವಾಗಿದೆ, ಕೃತಿಚೌರ್ಯವೂ ಇದೆ ಎಂದು ಶೀರ್ಷಿಕೆಯಲ್ಲೇ ಹೇಳುವ ಲೇಖನ ಅದು. ಪತ್ರಿಕೆಯ ಧರ್ಮ ಎಂದು ಯಾರಾದರೂ ಕೇಳಿದರೆ ನಾನು ಆ ಸಂಚಿಕೆಯ ಕಡೆ ಬೆರಳು ತೋರಿಸುತ್ತೇನೆ.

ಗುಪ್ತರ ಲೇಖನಗಳಲ್ಲಿ ಅವರೊಡನೆ ಹೆಸರು ಹಂಚಿಕೊಂಡವರು ಹತ್ತಾರು ಮಂದಿ, ಹೊರದೇಶದ ಹೆಸರುವಾಸಿ ಪಂಡಿತರೂ ಇದ್ದರು. ಅವರಲ್ಲಿ ಅನೇಕರು ಆ ಜಾಗವನ್ನು ಕಣ್ಣಾರೆ ಕಂಡವರಲ್ಲ. ಅಂಚೆಯಲ್ಲಿ ಬಂದ ಕಲ್ಲನ್ನು ಪರೀಕ್ಷಿಸಿ, ಅದು ಎಲ್ಲಿಂದ ಬಂತೆಂಬುದಕ್ಕೆ ಗುಪ್ತರ ಮಾತನ್ನೇ ನಂಬಿದವರು. ನಮ್ಮ ಹಳೆಯ ಶಾಸನಗಳಲ್ಲಿ ಪದ್ಯ ಕಟ್ಟಿದ ಕವಿ ಬೇರೆ, ಬರೆದವನು ಬೇರೆ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಬೇರೆ ಎಂದು ಅವರವರ ಕೆಲಸದೊಡನೆ ಹೆಸರು ಹಾಕುವ ಪದ್ಧತಿ ಉಂಟು. ತಪ್ಪಾದರೆ ಯಾರ ಕೈಯದೆಂದು ಸಾವಿರ ವರ್ಷದ ಮೇಲೂ ತಿಳಿಯುತ್ತದೆ. ಈಗೀಗ ಅನೇಕ ಸಂಶೋಧನ ಪತ್ರಿಕೆಗಳು ಲೇಖನದ ಕೊನೆಯಲ್ಲಿ ಯಾರು ಏನು ಮಾಡಿದರೆಂದು ಬರೆಯಲೇಬೇಕೆನ್ನುತ್ತವೆ. ನಮ್ಮ ರೂವಾರಿಗಳು ಇದನ್ನು ಕೇಳಿದ್ದರೆ ನಗುತ್ತಿದ್ದರೇನೋ. ಇರಲಿ. ವಿಚಾರಣೆಯಲ್ಲಿ ಗುಪ್ತರ ತಪ್ಪು ಸ್ಥಿರವಾಯಿತು, ಆದರೂ ಅವರ ನೌಕರಿ ಹೋಗಲಿಲ್ಲ. ಆ ಸಂಪುಟಗಳನ್ನು ತರಿಸಿಕೊಂಡಿದ್ದ ಗ್ರಂಥಾಲಯಗಳ ಕಪಾಟಿನಿಂದ ಅಚ್ಚಾದ ಪುಟಗಳನ್ನು ಹಿಂದಕ್ಕೆ ತರುವುದು ಯಾರಿಂದಲೂ ಆಗುವ ಮಾತಲ್ಲ.

ಗುಪ್ತರ ಕಾಲದಲ್ಲಿ ಮೋಸ ಮಾಡುವವನು ಪತ್ರಿಕೆಯನ್ನು ವಂಚಿಸಬೇಕಾಗಿತ್ತು. ಮುಂದೆ ಪತ್ರಿಕೆಯೇ ಮೋಸದಲ್ಲಿ ಪಾಲುದಾರನಾಯಿತು. ಇದು ಹೇಗಾಯಿತೆಂಬುದು ಹಣದ ಲೆಕ್ಕ. ಹಿಂದೆ ಪತ್ರಿಕೆಗೆ ಹಣ ಬರುತ್ತಿದ್ದುದು ಚಂದಾದಾರರಿಂದ, ಗ್ರಂಥಾಲಯಗಳಿಂದ. ಕಸ ತುಂಬಿದರೆ ಚಂದಾ ನಿಲ್ಲುತ್ತಿತ್ತು. ಅಂತರಜಾಲ ಬಂದ ಮೇಲೆ ಓದುವವರಿಗೆ ಉಚಿತ, ಬರೆದವರಿಂದ ಶುಲ್ಕ ಎಂಬ ಪದ್ಧತಿ ಹುಟ್ಟಿತು. ಉದ್ದೇಶ ಒಳ್ಳೆಯದೇ, ಅದರಲ್ಲಿ ನಡೆಯುವ ಉತ್ತಮ ಪತ್ರಿಕೆಗಳೂ ಇವೆ, ಶುಲ್ಕ ಕೇಳಿದ ಮಾತ್ರಕ್ಕೆ ಕಳ್ಳ ಪತ್ರಿಕೆ ಎನ್ನಬಾರದು. ಆದರೆ ಬರೆದವನೇ ಗಿರಾಕಿಯಾದಾಗ ಬೇಡವೆಂದು ಹಿಂತಿರುಗಿಸಿದ ಪ್ರತಿ ಲೇಖನವೂ ಅಂಗಡಿಗೆ ನಷ್ಟ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಅರ್ಧ ಓದಿದರೂ ತಪ್ಪು ಕಾಣುವಂಥ ಸುಳ್ಳು ಲೇಖನವೊಂದನ್ನು ಇಂಥ 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ಅವನು ಪರೀಕ್ಷಿಸಿದ ಪತ್ರಿಕೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ನಮ್ಮ ದೇಶದವು. 2019ರಲ್ಲಿ ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಗೆ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿ ತೆರುವಂತೆ ಆಜ್ಞೆ ಮಾಡಿತು.

ಅಂಗಡಿಗಳಿಗೆ ಗಿರಾಕಿಗಳನ್ನು ಕಳಿಸಿದವರು ಯಾರು? 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ನಾವು ಯು.ಜಿ.ಸಿ. ಎನ್ನುವುದು, ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಇಷ್ಟು ಲೇಖನಕ್ಕೆ ಇಷ್ಟು ಅಂಕ. ಡಾಕ್ಟರೇಟಿಗೆ ಪ್ರಬಂಧ ಒಪ್ಪಿಸುವ ಮುನ್ನ ಒಂದು ಲೇಖನವಾದರೂ ಅಚ್ಚಾಗಿರಬೇಕೆಂಬ ನಿಯಮವೂ ಇತ್ತು. ಪ್ರಯೋಗಶಾಲೆಯಿಲ್ಲದ, ಗ್ರಂಥಾಲಯಕ್ಕೆ ಹಣವಿಲ್ಲದ ಊರಿನ ಕಾಲೇಜಿನ ಮೇಷ್ಟರೂ ಲೇಖನ ಒದಗಿಸಬೇಕು. ಅವರು ಏನು ಮಾಡಿಯಾರು? ಮೋಸ ಹೋದವರನ್ನು ಬೈಯುವ ಮೊದಲು ಇದನ್ನು ಯೋಚಿಸಬೇಕು.

2017ರ ಜನವರಿಯಲ್ಲಿ ಆಯೋಗ ತಾನು ಒಪ್ಪಿದ 38,653 ಪತ್ರಿಕೆಗಳ ಪಟ್ಟಿ ಹೊರಡಿಸಿತು. ಪುಣೆಯ ಭೂಷಣ ಪಟವರ್ಧನ್ ಮತ್ತು ಸಂಗಡಿಗರು ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದ 1009 ಪತ್ರಿಕೆಗಳನ್ನು ಒಂದೊಂದಾಗಿ ನೋಡಿದರು. ವಿಳಾಸ ಸರಿಯಿದೆಯೇ, ಸಂಪಾದಕರೆಂಬುವರು ಇದ್ದಾರೆಯೇ, ಹೇಳಿಕೊಂಡದ್ದು ನಿಜವೇ ಎಂಬಂಥ ಸಾಮಾನ್ಯ ಪ್ರಶ್ನೆಗಳು. ನೂರಕ್ಕೆ 88ಕ್ಕೂ ಹೆಚ್ಚು ಪತ್ರಿಕೆಗಳು ಸೋತವು. ಈ ವರದಿ 2018ರಲ್ಲಿ ಅಚ್ಚಾದದ್ದು ಮತ್ತೆ ನಾರಾಯಣರಾಯರ 'ಕರೆಂಟ್ ಸೈನ್ಸ್'ನಲ್ಲೇ. ಆ ಮೇ ತಿಂಗಳಲ್ಲಿ ಆಯೋಗ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಮುಂದೆ 'ಕೇರ್' ಎಂಬ ಹೊಸ ಪಟ್ಟಿ 2019ರಲ್ಲಿ ಬಂತು, ಅದನ್ನೂ 2025ರಲ್ಲಿ ಕೈಬಿಟ್ಟು, ಆರಿಸುವ ಹೊಣೆಯನ್ನು ಆಯಾ ವಿಶ್ವವಿದ್ಯಾಲಯಗಳಿಗೇ ಬಿಟ್ಟರು. 2018ರಲ್ಲಿ ಕೃತಿಚೌರ್ಯದ ನಿಯಮಗಳೂ ಬಂದವು: ನೂರಕ್ಕೆ ಹತ್ತರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ; ಅರವತ್ತು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಹತ್ತರವರೆಗೆ ಕದಿಯಬಹುದೆಂದು ಇದಕ್ಕೆ ಅರ್ಥ ಮಾಡಿಕೊಂಡ ಜಾಣರೂ ಇದ್ದಾರೆ.

ಇಲ್ಲಿ ನಮ್ಮ ಮಕ್ಕಳಿಗೆ ತಿಳಿಸಬೇಕಾದ ಸಂಗತಿಯೊಂದಿದೆ. ಪ್ರಬಂಧ ಒಪ್ಪಿಸುವ ಮೊದಲು ಲೇಖನ ಅಚ್ಚಾಗಿರಲೇಬೇಕೆಂಬ ಆಯೋಗದ ಕಡ್ಡಾಯ 2022ರ ನಿಯಮಗಳಲ್ಲಿ ಇಲ್ಲ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು. ಆದ್ದರಿಂದ ಯಾರೋ ಹೇಳಿದರೆಂದು ಹೆದರಿ ಹಣ ಕಟ್ಟುವ ಮುಂಚೆ ವಿಭಾಗದ ಕಚೇರಿಯಲ್ಲಿ ಲಿಖಿತ ನಿಯಮ ಕೇಳಿ ನೋಡಬೇಕು.

ಆ ಹುಡುಗಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ಪತ್ರಿಕೆಯ ಸಂಪಾದಕ ಮಂಡಲಿಯಲ್ಲಿರುವ ಒಂದು ಹೆಸರನ್ನು ಆರಿಸಿ, ಅವರು ಕೆಲಸ ಮಾಡುವ ಸಂಸ್ಥೆಯ ವಿಳಾಸಕ್ಕೆ ನೇರವಾಗಿ ಬರೆದು, ನೀವು ಈ ಪತ್ರಿಕೆಯಲ್ಲಿರುವುದು ನಿಜವೇ ಎಂದು ಕೇಳು. ಪರಿಶೀಲಕರ ಟಿಪ್ಪಣಿ ಕಳಿಸಿ ಎಂದು ಪತ್ರಿಕೆಯನ್ನು ಕೇಳು. ಹತ್ತು ದಿನ ಕಳೆದು ಅವಳು ಮತ್ತೆ ಬಂದಳು. ಪ್ರಾಧ್ಯಾಪಕರೊಬ್ಬರು, ತಮ್ಮ ಹೆಸರು ಅಲ್ಲಿರುವುದು ತಮಗೆ ಈಗಲೇ ತಿಳಿದದ್ದು, ತೆಗೆಯಿರೆಂದು ಬರೆಯುತ್ತಿದ್ದೇನೆ ಎಂದು ಉತ್ತರಿಸಿದ್ದರು. ಪತ್ರಿಕೆಯವರು ಟಿಪ್ಪಣಿ ಕಳಿಸಿರಲಿಲ್ಲ. ಶುಲ್ಕದಲ್ಲಿ ನೂರಕ್ಕೆ ಇಪ್ಪತ್ತು ರಿಯಾಯಿತಿ ಕೊಡುವುದಾಗಿ ಬರೆದಿದ್ದರು. ಅವಳ ಲೇಖನ ಈಗ ಬೇರೊಂದು ಪತ್ರಿಕೆಯ ಪರಿಶೀಲಕರ ಕೈಯಲ್ಲಿದೆ. ಏಳು ತಿಂಗಳಾಯಿತು. ಒಬ್ಬರು ಮೂರು ಪುಟ ಆಕ್ಷೇಪ ಬರೆದಿದ್ದಾರೆ, ಅಳತೆಗಳನ್ನು ಮತ್ತೊಮ್ಮೆ ತೆಗೆಯಬೇಕೆಂದಿದ್ದಾರೆ. ಅವಳಿಗೆ ಸ್ವಲ್ಪ ಸಿಟ್ಟು ಬಂದಿದೆ. ಅಳತೆ ತೆಗೆಯುತ್ತಿದ್ದಾಳೆ.